ಜಗನ್ನಾಥದಾಸರ ಊಟದೆಲೆ

ದಾಸಸಾಹಿತ್ಯದ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶಕರ ಬಾಯಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ. ಪುರಂದರದಾಸರು, ಕನಕದಾಸರು ಆದಮೇಲೆ ಕಾವ್ಯ ಮುಗಿಯಿತು, ಆಮೇಲೆ ಉಳಿದದ್ದು ಬರೀ ಸಿದ್ಧಾಂತ. ವಿಜಯದಾಸರಿಂದ ಈಚಿನವರು ಮಧ್ವಶಾಸ್ತ್ರವನ್ನು ಕನ್ನಡಕ್ಕೆ ಇಳಿಸಿದ ಪಂಡಿತರು. ಅವರಲ್ಲಿ ದೊಡ್ಡ ಹೆಸರಾದ ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿ ಬರೆದ ಪಠ್ಯಪುಸ್ತಕ. ಇದರ ಬೆನ್ನಿಗೇ ಇನ್ನೊಂದು ತೀರ್ಪು: ವಚನಕಾರರು ದೇವರನ್ನು ಭೂಮಿಗೆ ತಂದರು, ದಾಸರು ಭೂಮಿಯನ್ನೇ ನರಕವೆಂದು ಬಗೆದು ಮನುಷ್ಯನನ್ನು ವೈಕುಂಠದ ಕಡೆಗೆ ಅಟ್ಟಿದರು. ಈಚೆಗೆ ಒಂದು ವಿಚಾರಸಂಕಿರಣದಲ್ಲಿ ಈ ಎರಡನ್ನೂ ಒಟ್ಟಿಗೇ ಕೇಳಿದೆ. ಸಭೆ ತಲೆದೂಗಿತು. ಹರಿಕಥಾಮೃತಸಾರದ ಒಂದೇ ಒಂದು ಸಂಧಿಯ ಹೆಸರನ್ನೂ ಯಾರೂ ಎತ್ತಲಿಲ್ಲ. ಓದದೆ ಕೊಟ್ಟ ತೀರ್ಪು ಇಷ್ಟು ವರ್ಷ ಬಾಳಿಕೊಂಡು ಬಂದಿದೆಯಲ್ಲ ಎಂಬ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಪುರಂದರ, ಕನಕರಿಗೆ ನನ್ನ ವಕಾಲತ್ತು ಬೇಕಿಲ್ಲ. ಶ್ರೀಪಾದರಾಜ, ವ್ಯಾಸರಾಯ, ವಾದಿರಾಜರ ಸಾಲನ್ನೂ ಇಲ್ಲಿ ಎಣಿಸಹೋಗುವುದಿಲ್ಲ. ನನ್ನ ಮಾತೆಲ್ಲ ಮಾನ್ವಿಯ ಜಗನ್ನಾಥದಾಸರ ಬಗ್ಗೆ. 1728ರಲ್ಲಿ ಈಗಿನ ರಾಯಚೂರು ಜಿಲ್ಲೆಯ ಬ್ಯಾಗವಾಟದಲ್ಲಿ ಹುಟ್ಟಿ, 1809ರಲ್ಲಿ ಮಾನ್ವಿಯಲ್ಲಿ ತೀರಿಕೊಂಡವರು. ಕೃಷ್ಣೆ, ತುಂಗಭದ್ರೆ ಎರಡೂ ಹತ್ತಿರವೇ ಹರಿದರೂ ಆಗ ಹೊಲಕ್ಕೆ ಮಳೆಯೇ ಗತಿಯಾಗಿದ್ದ ಎಡೆದೊರೆಯ ನೆಲ ಅವರದು.

ಅವರ ಬಗ್ಗೆ ಸಂಪ್ರದಾಯ ಹೇಳಿಕೊಂಡು ಬಂದ ಕಥೆಯನ್ನು ದಾಸಸಾಹಿತ್ಯ ಬಲ್ಲವರೆಲ್ಲ ಕೇಳಿರುತ್ತಾರೆ. ಆಗ ಅವರು ಶ್ರೀನಿವಾಸಾಚಾರ್ಯ, ಸಂಸ್ಕೃತದಲ್ಲಿ ಘಟಾನುಘಟಿ ವಿದ್ವಾಂಸ. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ತಾತ್ಸಾರ. ಮಾನ್ವಿಗೆ ಬಂದಿದ್ದ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆವ ಹೇಳಿ ತಪ್ಪಿಸಿಕೊಂಡರು. ಆ ಸುಳ್ಳು ನೋವು ನಿಜವಾಗಿ ಬಂದು ಕಾಡಿತು. ಅನ್ನ ಇಳಿಯದಾಯಿತು, ಮೈ ಸೊರಗಿತು. ಕೊನೆಗೆ ಶರಣಾಗಿ ಬಂದಾಗ ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಧಾರೆಯೆರೆದರು. ಅವರು ಮಂತ್ರಿಸಿ ಕೊಟ್ಟ ಜೋಳದ ರೊಟ್ಟಿ ತಿಂದು ನೋವು ಬಿಟ್ಟಿತೆಂದು ಹೇಳುವುದೂ ಉಂಟು. ಮುಂದೆ ಪಂಢರಪುರದಲ್ಲಿ ಜಗನ್ನಾಥವಿಠಲ ಎಂಬ ಅಂಕಿತ ಸಿಕ್ಕಿತು.

ವಿಮರ್ಶಕರು ಇದನ್ನು ಪವಾಡವೆಂದು ಪಕ್ಕಕ್ಕಿಡುತ್ತಾರೆ. ಆಯುಷ್ಯ ಕೊಟ್ಟದ್ದು ನಿಜವೋ ಅಲ್ಲವೋ ಎಂಬ ಚರ್ಚೆಗೆ ನಾನೂ ಇಳಿಯುವುದಿಲ್ಲ. ಆದರೆ ಸಂಪ್ರದಾಯ ಈ ಕವಿಯನ್ನು ನೆನಪಿಟ್ಟುಕೊಂಡ ಬಗೆ ನೋಡಿ. ಇನ್ನೊಬ್ಬರ ಪಂಕ್ತಿಯಲ್ಲಿ ಕೂರಲು ಒಲ್ಲದ, ಕೂತರೂ ಉಣ್ಣಲಾಗದ ಸ್ಥಿತಿಗೆ ಬಂದ ಮನುಷ್ಯ. ಹೊಟ್ಟೆಯಲ್ಲೇ ನರಕ ಹೊತ್ತು ತಿರುಗಿದ ಮನುಷ್ಯ. 32 ಸಂಧಿಗಳ ತನ್ನ ಮಹಾಕೃತಿಯಲ್ಲಿ ಮಂಗಳಾಚರಣೆ, ಕರುಣಾ, ವ್ಯಾಪ್ತಿ ಸಂಧಿಗಳು ಮುಗಿಯುತ್ತಲೇ ಆತ ಬರೆದದ್ದು ಭೋಜನ ಸಂಧಿ.

ಆ ಸಂಧಿಯಲ್ಲಿ ಏನಿದೆ? ಎಲೆಯ ಮೇಲೆ ಬಿದ್ದ ಒಂದೊಂದು ಪದಾರ್ಥದಲ್ಲೂ ಹರಿಯ ಒಂದೊಂದು ರೂಪವನ್ನು, ಅದನ್ನು ಆಳುವ ದೇವತೆಯನ್ನು ಗುರುತಿಸಿ ಹೇಳುತ್ತಾ ಹೋಗುತ್ತಾರೆ. ಅನ್ನದಲ್ಲಿ ಕೇಶವ, ಪರಮಾನ್ನದಲ್ಲಿ ನಾರಾಯಣ. ಭಕ್ಷ್ಯಕ್ಕೊಂದು, ತುಪ್ಪಕ್ಕೊಂದು, ಹಾಲಿಗೊಂದು, ಬೆಣ್ಣೆಗೆ, ಮೊಸರಿಗೆ, ಬೇಳೆಗೆ, ಸೊಪ್ಪಿಗೆ, ಹಣ್ಣಿಗೆ. ಬಡಿಸುವ ಕ್ರಮ ಬಲ್ಲವರಿಗೆ ಓದುತ್ತಿದ್ದಂತೆ ಎಲೆ ಕಣ್ಣೆದುರು ಬಂದೇ ಬರುತ್ತದೆ. ತುದಿಯಲ್ಲಿ ಉಪ್ಪು, ಅತ್ತಿತ್ತ ಕೋಸಂಬರಿ, ಪಲ್ಯ, ನಡುವೆ ಬಿಸಿ ಅನ್ನ, ಅದರ ಮೇಲೆ ತೊವ್ವೆ, ತೊವ್ವೆಯ ಮೇಲೆ ಅಭಿಘಾರದ ತುಪ್ಪ. ಪರಿಷೇಚನೆಗೆ ಕೈಯಲ್ಲಿ ನೀರು ಹಿಡಿದವನು ಒಂದು ಕ್ಷಣ ನಿಂತು ಎಲೆಯನ್ನು ನೋಡಬೇಕು. ದಾಸರು ಕೇಳುವುದು ಆ ನೋಟವನ್ನು. ಅದಕ್ಕೆ ಅವರ ಪರಂಪರೆ ಅನುಸಂಧಾನ ಎನ್ನುತ್ತದೆ.

ಇದು ಪಟ್ಟಿ, ಕಾವ್ಯವಲ್ಲ ಎಂಬ ಆಕ್ಷೇಪ ಹಳೆಯದು. ಪಂಪ ಬನವಾಸಿಯ ಹೂವು ಹಣ್ಣುಗಳನ್ನು ಎಣಿಸಿದರೆ ವರ್ಣನೆ, ಕುವೆಂಪು ಮಲೆನಾಡಿನ ಹಕ್ಕಿಗಳನ್ನು ಹೆಸರು ಹಿಡಿದು ಕರೆದರೆ ಪ್ರಕೃತಿಪ್ರೇಮ, ಜಗನ್ನಾಥದಾಸರು ಎಲೆಯ ಮೇಲಿನದನ್ನು ಹೆಸರಿಸಿದರೆ ಮಾತ್ರ ಶುಷ್ಕ ಸಿದ್ಧಾಂತವೇ? ದೇವರು ಎಲ್ಲೆಲ್ಲೂ ಇದ್ದಾನೆ ಎಂದು ಹೇಳುವುದು ಸುಲಭ, ಹಾಗೆ ಹೇಳಿ ಕೈತೊಳೆದುಕೊಂಡ ಕವಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎಲ್ಲೆಲ್ಲೂ ಎಂದರೆ ಸರಿಯಾಗಿ ಎಲ್ಲಿ, ಯಾವ ತುತ್ತಿನಲ್ಲಿ, ಯಾವ ಹೆಸರಿನಿಂದ ಎಂದು ಕೇಳಿ ಉತ್ತರ ಹುಡುಕಿದವರು ಎಷ್ಟು ಜನ? ವ್ಯಾಪ್ತಿ ಸಂಧಿ ತತ್ತ್ವವಾಗಿ ಹೇಳಿದ್ದನ್ನು ಭೋಜನ ಸಂಧಿ ನಾಲಗೆಗೆ ತಲುಪಿಸುತ್ತದೆ. ಅಲ್ಲಿಂದ ಮುಂದೆ ಶ್ವಾಸ ಸಂಧಿ. ದಿನಕ್ಕೆ 21,600 ಉಸಿರು, ಒಂದೊಂದೂ ಹಂಸಮಂತ್ರದ ಜಪ, ಮಾಡಿಸುವವನು ಒಳಗಿರುವ ಪ್ರಾಣದೇವರು. ಲೆಕ್ಕ ಹಾಕಿದರೆ ನಿಮಿಷಕ್ಕೆ 15 ಆಯಿತು. ಸುಮ್ಮನೆ ಕೂತ ಆರೋಗ್ಯವಂತನ ಉಸಿರಾಟ ಹೆಚ್ಚುಕಡಿಮೆ ಅಷ್ಟೇ. ನಿದ್ದೆಯಲ್ಲಿದ್ದವನೂ ಜಪ ತಪ್ಪಿಸುತ್ತಿಲ್ಲ ಎಂಬ ಆ ಕಲ್ಪನೆ ನನ್ನನ್ನು ಪ್ರತಿ ಓದಿನಲ್ಲೂ ಹಿಡಿದು ನಿಲ್ಲಿಸಿದೆ. ಕರುಣಾ ಸಂಧಿಯ ದೇವರಂತೂ ಹಾಡುವವನಿಗಿಂತ ಒಂದು ಮೆಟ್ಟಿಲು ಹೆಚ್ಚು ಆದರ ತೋರಿಸುತ್ತಾ ಏರಿ, ಕೊನೆಗೆ ಒಲಿದೇಬಿಡುವ ದೇವರು. ಅದನ್ನು ಒಪ್ಪದ ವಿಮರ್ಶಕರಿಲ್ಲ. ಆ ಒಂದು ಪದ್ಯ ಹೇಳಿ ಪುಸ್ತಕ ಮುಚ್ಚುತ್ತಾರೆ.

ಇನ್ನು ನರಕ. ಮಧ್ವಮತದ ಮೇಲಿನ ದೊಡ್ಡ ದೂರು ಇದೇ, ಅದನ್ನು ತಳ್ಳಿಹಾಕುವಂತಿಲ್ಲ. ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಕೊನೆಯವರಿಗೆ ಅಂಧಂತಮಸ್ಸು, ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ. ಭಾರತದ ಬೇರೆ ದರ್ಶನಗಳಲ್ಲಿ ಕಾಣದ ಈ ಶಾಶ್ವತ ನರಕವನ್ನು ನೋಡಿ ಗ್ರಿಯರ್ಸನ್‌ರಂಥ ವಿದ್ವಾಂಸರು ಮಧ್ವರ ಮೇಲೆ ಕ್ರೈಸ್ತ ಪ್ರಭಾವವನ್ನೇ ಊಹಿಸಿದರು. ಹರಿಕಥಾಮೃತಸಾರದಲ್ಲೂ ದೈತ್ಯ ತಾರತಮ್ಯ ಸಂಧಿಯಿದೆ, ಕಲಿಯನ್ನು ಎಲ್ಲರಿಗಿಂತ ಕೆಳಗಿಟ್ಟ ಸಂಧಿ. ಕುವೆಂಪು ಅವರ ರಾವಣನಿಗೂ ಬಿಡುಗಡೆಯಿದೆ ಎಂದು ಓದಿ ಬೆಳೆದ ನಮ್ಮ ಪೀಳಿಗೆಗೆ ಇದು ನುಂಗಲಾಗದ ತುತ್ತು. ನನಗೂ ಈ ಸಂಧಿ ಓದುವಾಗ ಮನಸ್ಸು ಮುದುಡುತ್ತದೆ. ಅದನ್ನು ರೂಪಕವೆಂದು ತಿದ್ದಿ ಹಗುರ ಮಾಡುವುದೂ ಸರಿಯಲ್ಲ. ದಾಸರು ಅದನ್ನು ನಂಬಿ ಬರೆದಿದ್ದಾರೆ.

ಆದರೆ ದೂರು ಕೊಡುವವರು ಸಿದ್ಧಾಂತದ ಉಳಿದರ್ಧವನ್ನು ಗಮನಿಸುವುದಿಲ್ಲ. ಜೀವ ಎಲ್ಲಿದೆಯೋ ಅಲ್ಲಿ ಅದರ ಬಿಂಬವಾದ ಹರಿ ಇರಲೇಬೇಕು. ತಮಸ್ಸಿನಲ್ಲಿ ಬಿದ್ದವನ ಒಳಗೂ ಹರಿ ಇದ್ದಾನೆ. ಹರಿಗೆ ಆ ದುಃಖ ತಟ್ಟುವುದಿಲ್ಲ, ಅವನು ಅಲ್ಲಿಂದ ಕದಲುವುದೂ ಇಲ್ಲ. ದೇವರಿಲ್ಲದ ಜಾಗವೇ ನರಕ ಎಂಬ ಮಾತಿಗೆ ಈ ದರ್ಶನದಲ್ಲಿ ಎಡೆಯಿಲ್ಲ. ಹಾಗಾದರೆ ಭೂಮಿಗೂ ನರಕಕ್ಕೂ ವ್ಯತ್ಯಾಸವೇನು? ನೋವಿನ ಪ್ರಮಾಣ ಅಳೆದು ಉತ್ತರ ಹೇಳಲಾಗದು. 1791-92ರಲ್ಲಿ, ದಾಸರಿಗೆ ಅರವತ್ತು ದಾಟಿದ್ದಾಗ, ದಖ್ಖಣದಲ್ಲಿ ಬಿದ್ದ ಕ್ಷಾಮವನ್ನು ಜನ ತಲೆಬುರುಡೆಯ ಬರ ಎಂದು ಕರೆದರು. ಸತ್ತವರನ್ನು ಸುಡುವವರು, ಹೂಳುವವರು ಸಾಲದೆ ಎಲುಬುಗಳು ಬಯಲಲ್ಲೇ ಬಿದ್ದಿದ್ದವು. ಭೂಮಿ ನರಕವಾಗಲು ಗರುಡಪುರಾಣದ ಯಮದೂತರು ಬರಬೇಕಿಲ್ಲ ಎಂದು ಆ ಕಾಲದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹರಿಕಥಾಮೃತಸಾರವನ್ನು ಆದಿಯಿಂದ ಓದಿದಾಗ ನನಗೆ ದಕ್ಕುವ ಉತ್ತರ ಇದು: ಎರಡೂ ಕಡೆ ದೇವರಿದ್ದಾನೆ, ಎರಡೂ ಕಡೆ ದುಃಖವಿದೆ, ಇಲ್ಲಿ ಮಾತ್ರ ಅವನನ್ನು ಗುರುತಿಸುವ ಅವಕಾಶವಿದೆ. ತಮಸ್ಸಿನಲ್ಲಿ ಅನುಸಂಧಾನವಿಲ್ಲ. ಅಲ್ಲಿ ಯಾರೂ ಎಲೆಯ ಮುಂದೆ ಕೂತು ಇದು ಕೇಶವ ಎನ್ನಲಾರರು. ಮಳೆ ನಂಬಲಾಗದ ನೆಲದಲ್ಲಿ ಕೂತು, ಅನ್ನ ಬಿಟ್ಟುಹೋಗಿದ್ದ ಹೊಟ್ಟೆಯ ಕವಿ ಅನ್ನವನ್ನೇ ಆ ಗುರುತಿನ ಜಾಗವಾಗಿ ಆರಿಸಿಕೊಂಡಿದ್ದಾನೆ. ಭೂಮಿಯನ್ನು ಹೀಗಳೆದವನು ಹೀಗೆ ಬರೆಯುವುದಿಲ್ಲ.

ನಡತೆಯಲ್ಲೇ ಸ್ವರ್ಗ ನರಕಗಳನ್ನು ಕಂಡ ಬಸವಣ್ಣನವರ ಮಾತು ದೊಡ್ಡದು. ಅದನ್ನು ಹಿಡಿದು ದಾಸರನ್ನು ಹೊಡೆಯುವ ಚಾಳಿ ಮಾತ್ರ ನಮ್ಮ ಸಾಹಿತ್ಯಚರಿತ್ರೆಯ ಸೋಮಾರಿತನ. ಒಬ್ಬರು ಕೈ ಏನು ಮಾಡಬೇಕೆಂದು ಕೇಳಿದರು, ಇನ್ನೊಬ್ಬರು ಆ ಕೈ ಬಾಯಿಗೆ ಬರುವಾಗ ಮನಸ್ಸು ಎಲ್ಲಿರಬೇಕೆಂದು ಕೇಳಿದರು. ಎರಡೂ ಪ್ರಶ್ನೆ ಈ ಲೋಕದವೇ.

ನನ್ನ ನಿಜವಾದ ಜಗಳ ಇಲ್ಲಿಂದ ಶುರು. ಕನ್ನಡದ ಓದುಗನಿಗೆ ಮಾಧ್ವರ ಊಟದ ಪಂಕ್ತಿ ಎಂದರೆ ನೆನಪಾಗುವುದು ಭೋಜನ ಸಂಧಿಯಲ್ಲ, ಅನಂತಮೂರ್ತಿಯವರ ‘ಸಂಸ್ಕಾರ’. 1965ರ ಆ ಕಾದಂಬರಿ ಊಟ ನಿಂತುಹೋದ ಅಗ್ರಹಾರದ ಕಥೆ. ನಾರಣಪ್ಪನ ಹೆಣ ಎತ್ತುವವರೆಗೆ ದೂರ್ವಾಸಪುರದಲ್ಲಿ ಯಾರೂ ಉಣ್ಣುವಂತಿಲ್ಲ. ಕೊನೆಯ ಭಾಗದಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯ ಸೂತಕ ಮುಚ್ಚಿಟ್ಟುಕೊಂಡು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕೂರುತ್ತಾನೆ, ತುತ್ತು ತುತ್ತಿಗೂ ಸಿಕ್ಕಿಬೀಳುವ ಭಯ. ಅದು ದೊಡ್ಡ ಬರವಣಿಗೆ, ಅಗ್ರಹಾರವನ್ನು ನರಕವಾಗಿ ಕಂಡ ನೋಟದಲ್ಲಿ ಸತ್ಯವೂ ಇದೆ. ಆದರೆ ಒಂದು ಕಾದಂಬರಿ ಒಂದು ಪರಂಪರೆಯ ಬಗ್ಗೆ ಕೊನೆಯ ಮಾತಾಗಿ ಕೂತುಬಿಟ್ಟದ್ದಕ್ಕೆ ವಿಮರ್ಶೆ ಹೊಣೆ. ನವ್ಯಕ್ಕೆ ನರಕ ಬೇಕಿತ್ತು. ಅಗ್ರಹಾರ, ನಗರ, ಹಾಸಿಗೆ ಎಲ್ಲವೂ ನರಕವಾಗಿ ಕಂಡಾಗ ಮಾತ್ರ ಸಾಹಿತ್ಯ ಗಂಭೀರ ಎಂದು ನಂಬಿತು. ಬಂಡಾಯಕ್ಕೆ ಪ್ರತಿಭಟನೆ ಬೇಕಿತ್ತು. ಅದಕ್ಕೂ ಮೊದಲು ನವೋದಯಕ್ಕೆ ಭಾವಗೀತೆ ಬೇಕಿತ್ತು. ಪುರಂದರರ ಪದ ಅದಕ್ಕೆ ಒಗ್ಗಿತು, ಷಟ್ಪದಿಯ ಸಂಧಿ ಒಗ್ಗಲಿಲ್ಲ. ತೃಪ್ತಿಯನ್ನು, ಕೃತಜ್ಞತೆಯನ್ನು, ದಿನವೂ ಮಾಡುವ ಒಂದು ಕೆಲಸದ ಮೇಲಿನ ಗಮನವನ್ನು ಕಾವ್ಯಗುಣವೆಂದು ಈ ಮೂರರಲ್ಲಿ ಯಾವುದೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಪಂಕ್ತಿಯ ಹೊರಗೆ ನಿಂತವರ ಮಾತೇನು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಮಾತೇ. ಜಗನ್ನಾಥದಾಸರು ಕಂಡ ಎಲೆ ಬ್ರಾಹ್ಮಣರ ಮನೆಯದು, ಆ ಮನೆಯ ನಡುಮನೆಗೆ ಊರಿನ ಬಹುಜನಕ್ಕೆ ಪ್ರವೇಶವಿರಲಿಲ್ಲ. ಉಡುಪಿಯಲ್ಲಿ ಕನಕದಾಸರು ಗೋಡೆಯ ಹೊರಗೆ ನಿಂತ ಕಥೆಯನ್ನು ಇದೇ ಪರಂಪರೆ ಹೇಳುತ್ತದೆ. ಆ ಅನ್ಯಾಯವನ್ನು ಯಾವ ಕಾವ್ಯವೂ ಮುಚ್ಚಲಾರದು, ಮುಚ್ಚಬಾರದು. ಆದರೆ ಅನ್ನದಲ್ಲಿ ಕೇಶವನಿದ್ದಾನೆ ಎಂದಮೇಲೆ ಅದು ಯಾರ ಎಲೆಯ ಅನ್ನ ಎಂದು ಕವಿ ಷರತ್ತು ಹಾಕಲಾರ. ಮಠದ ಪಂಕ್ತಿ ಬಾಗಿಲು ಹಾಕಿಕೊಂಡಿತು, ಪದ್ಯಕ್ಕೆ ಆ ಬಾಗಿಲು ಹಾಕಲು ಬರುವುದಿಲ್ಲ. ಪಂಕ್ತಿಭೇದಕ್ಕೆ ವಿರುದ್ಧವಾಗಿ ನಿಲ್ಲಿಸಬಹುದಾದ ವಾದ ಅದೇ ಸಂಪ್ರದಾಯದ ನಡುಮನೆಯಲ್ಲೇ ಇತ್ತು. ಅದನ್ನು ಎತ್ತಿಕೊಳ್ಳದೇ ಹೋದದ್ದು ಮಠದ ವೈಫಲ್ಯ, ಕಾಣದೇ ಹೋದದ್ದು ನಮ್ಮ ಪ್ರಗತಿಪರ ವಿಮರ್ಶೆಯ ವೈಫಲ್ಯ.

ಕೃತಿಯನ್ನು ಬದುಕಿಸಿದವರು ಹೆಂಗಸರು ಎಂದೇ ನಾನು ನಂಬಿದ್ದೇನೆ. ಕಲ್ಬುರ್ಗಿ, ರಾಯಚೂರು, ಧಾರವಾಡ, ಬೆಂಗಳೂರಿನ ಭಜನಾ ಮಂಡಳಿಗಳಲ್ಲಿ ಮಧ್ಯಾಹ್ನ ತಾಳ ಹಿಡಿದು ಕೂತು ಸಂಧಿ ಸಂಧಿಯಾಗಿ ಹಾಡುವವರು. ಅಡುಗೆ ಮಾಡಿ ಬಡಿಸಿ ಬಂದವರಿಗೆ ಭೋಜನ ಸಂಧಿ ಎಷ್ಟು ಹತ್ತಿರ! ಅವರಲ್ಲೊಬ್ಬರು ಒಮ್ಮೆ ನನಗೆ ಹೇಳಿದ್ದರು, ‘ಸಾರಿಗೆ ಉಪ್ಪು ಹಾಕುವಾಗ್ಲೂ ಆ ನುಡಿ ಬಾಯಿಗೆ ಬರ್ತದ್ರಿ’ ಎಂದು. ಕಛೇರಿಯ ಕೊನೆಗೆ ದೇವರನಾಮ ಹಾಡಿ ಚಪ್ಪಾಳೆ ಗಿಟ್ಟಿಸುವ ವೇದಿಕೆ ಇವರನ್ನು ಕರೆಯುವುದಿಲ್ಲ. ವಿಶ್ವವಿದ್ಯಾಲಯ ಇವರನ್ನು ಓದುಗರೆಂದು ಎಣಿಸುವುದಿಲ್ಲ. ಪದ್ಯ ಬಾಯಿಪಾಠವಿದ್ದು, ಅರ್ಥ ಬಿಡಿಸಿ ಹೇಳಬಲ್ಲ, ಅದರಂತೆ ದಿನ ಕಳೆಯಬಲ್ಲ ಓದುಗರು ಎಷ್ಟು ಆಧುನಿಕ ಕವಿಗಳಿಗೆ ಸಿಕ್ಕಿದ್ದಾರೆ?

ಕನ್ನಡ ಎಂ.ಎ. ತರಗತಿಯಲ್ಲಿ ‘ಸಂಸ್ಕಾರ’ ಪಾಠ ಮಾಡುವವರು ಅದೇ ವಾರ ಭೋಜನ ಸಂಧಿಯನ್ನೂ ಕೈಗೆತ್ತಿಕೊಳ್ಳಲಿ. ಪ್ರಾಣೇಶಾಚಾರ್ಯ ಮೇಳಿಗೆಯಲ್ಲಿ ಕೂತ ಪಂಕ್ತಿಯನ್ನೂ ಮಾನ್ವಿಯ ದಾಸರ ಎಲೆಯನ್ನೂ ಒಟ್ಟಿಗಿಟ್ಟು ಓದಿಸಲಿ. ಪ್ರಾಣೇಶಾಚಾರ್ಯನ ಮುಂದಿನ ಎಲೆಯಲ್ಲೂ ಅನ್ನವಿತ್ತು, ಅವನು ಕಲಿತ ಶಾಸ್ತ್ರದ ಪ್ರಕಾರ ಆ ಅನ್ನದಲ್ಲೂ ಕೇಶವನಿದ್ದ. ಅಷ್ಟು ಓದಿದ ಪಂಡಿತನಿಗೆ ಆ ಹೊತ್ತಿನಲ್ಲಿ ಅದು ಯಾಕೆ ನೆನಪಾಗಲಿಲ್ಲ ಎಂದು ವಿದ್ಯಾರ್ಥಿಗಳು ಕೇಳಲಿ.