ಕೊಬ್ಬರಿ ಹೋರಿಗೆ ನೊಗ ಕಟ್ಟಬೇಡಿ

ಕಾಲೇಜು ಶುರುವಾಗೋ ಹೊತ್ತಿಗೆ ಹೊಳಲು, ಹಡಗಲಿ, ಹರಪನಹಳ್ಳಿ ಕಡೆಯಿಂದ ನನಗೆ ಬರೋ ಫೋನುಗಳಲ್ಲಿ ಪ್ರಶ್ನೆ ಒಂದೇ: "ಅಣ್ಣಾ, ಲ್ಯಾಪ್‌ಟಾಪ್ ಯಾವುದು ತಗೊಳ್ಳಾನ?" ಕೋಡಿಂಗ್ ಕಲಿಯೋ ಹುಡುಗರಿಗೆ ಉತ್ತರ ಹೇಳೋದು ಸುಲಭ. ಕಷ್ಟ ಇರೋದು ಮೆಕ್ಯಾನಿಕಲ್, ಸಿವಿಲ್ ಓದೋರು, ಎಂ.ಟೆಕ್ ಮಾಡೋರು, ಸಣ್ಣ ಡಿಸೈನ್ ಆಫೀಸ್ ಇಟ್ಟುಕೊಂಡವರು ಕೇಳಿದಾಗ. "ಸಿಮ್ಯುಲೇಶನ್ ಮಾಡಾಕ ಗಟ್ಟಿ ಮಷಿನ್ ಬೇಕಣ್ಣ. ಮೂರು ಲಕ್ಷ ಆದ್ರೂ ಅಡ್ಡಿ ಇಲ್ಲ ಅಂದಾನ ಅಪ್ಪ" ಅಂತಾರೆ. ಮಳೆ ಸರಿಯಾಗಿ ಆದ ವರ್ಷ, ನಾಲ್ಕಾರು ಎಕರೆ ಮೆಕ್ಕೆಜೋಳ ಹಾಕಿದ ಮನೆಗೂ ಮೂರು ಲಕ್ಷ ಸಣ್ಣ ದುಡ್ಡಲ್ಲ. ಅದಕ್ಕೇ ಈ ಸಲ ಸಿನಿಮಾ ಬಿಟ್ಟು, ಪುಸ್ತಕ ಬಿಟ್ಟು, 'ಮೊಬೈಲ್ ವರ್ಕ್‌ಸ್ಟೇಷನ್' ಅನ್ನೋ ವಸ್ತುವನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ನನ್ನ ತಕರಾರು ಮೊದಲೇ ಹೇಳಿಬಿಡ್ತೀನಿ. ಹೊಳೆ ದಾಟಿದರೆ ಹಾವೇರಿ ಸೀಮೆ. ದೀಪಾವಳಿ ಆದಮೇಲೆ ಅಲ್ಲಿ ಕೊಬ್ಬರಿ ಹೋರಿ ಬಿಡ್ತಾರೆ. ಮೈತುಂಬ ಕೊಬ್ಬರಿ ಸರ, ಬಲೂನು, ಬಣ್ಣ. ಜನರ ನಡುವೆ ಆ ಹೋರಿ ಓಡೋದು ಕೆಲವೇ ಸೆಕೆಂಡು, ಆದರೆ ನೋಡಿದವರು ವರ್ಷಪೂರ್ತಿ ಮಾತಾಡ್ತಾರೆ. ಅದು ತಪ್ಪಲ್ಲ, ಅದರ ಕೆಲಸವೇ ಅದು. ಆದರೆ ಆ ಹೋರಿಯನ್ನ ಯಾರೂ ಬೆಳಗ್ಗೆಯಿಂದ ಸಂಜೆವರೆಗೆ ರಂಟೆ ಹೊಡೆಯೋಕೆ ಕಟ್ಟಲ್ಲ. ಸಿಮ್ಯುಲೇಶನ್ ಅನ್ನೋದು ರಂಟೆ ಹೊಡೆಯೋ ಕೆಲಸ. ಅಂಗಡಿಯಲ್ಲಿ ನಮಗೆ ತೋರಿಸೋದು ಮಾತ್ರ ಕೊಬ್ಬರಿ ಹೋರಿ.

ಕೆಲಸ ಏನು ಅಂತ ಗೊತ್ತಾಗದೆ ಯಂತ್ರದ ಬಗ್ಗೆ ಮಾತಾಡಿ ಉಪಯೋಗವಿಲ್ಲ. ನಮಗೆಲ್ಲ ಗೊತ್ತಿರೋ ಉದಾಹರಣೆಯನ್ನೇ ತಗೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತು. ಅಲ್ಲಿರೋ 33 ಗೇಟುಗಳಲ್ಲಿ ಅದೊಂದು. ಅಗಲ 60 ಅಡಿ, ಎತ್ತರ 20 ಅಡಿ. ಮೇಲಂಚಿನವರೆಗೆ ನೀರು ನಿಂತಿದೆ ಅಂದುಕೊಳ್ಳಿ. ತಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 6 ಟನ್ ಒತ್ತಡ, ಮೇಲೆ ಸೊನ್ನೆ, ಸರಾಸರಿ 3 ಟನ್ನಿಗಿಂತ ಸ್ವಲ್ಪ ಹೆಚ್ಚು. ಗೇಟಿನ ಮೈ ಸುಮಾರು 111 ಚದರ ಮೀಟರ್. ಗುಣಿಸಿದರೆ ಸುಮಾರು 340 ಟನ್. ಇಷ್ಟು ಭಾರ ಗೇಟನ್ನು ದೂಡ್ತಾ ಇರುತ್ತೆ ಅಂತ ತಿಳಿಯೋಕೆ ಮೂರು ಲಕ್ಷದ ಯಂತ್ರ ಬೇಡ, ನೋಟ್‌ಬುಕ್ಕಿನ ಹಿಂದಿನ ಪುಟ ಸಾಕು.

ಸಿಮ್ಯುಲೇಶನ್ ಬೇಕಾಗೋದು ಮುಂದಿನ ಪ್ರಶ್ನೆಗಳಿಗೆ. ಆ 340 ಟನ್ ಯಾವ ತೊಲೆಗೆ ಎಷ್ಟು ಹಂಚಿಕೆಯಾಗುತ್ತೆ? ಯಾವ ಬೆಸುಗೆ ಹತ್ತಿರ ಬಲ ಒಟ್ಟುಗೂಡುತ್ತೆ? ಎಪ್ಪತ್ತು ವರ್ಷದ ತುಕ್ಕಿನಿಂದ ತಗಡು 2 ಮಿಲಿಮೀಟರ್ ಸವೆದಿದ್ದರೆ ಏನಾಗುತ್ತೆ? ಇದಕ್ಕೆ ಗೇಟನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಅಂದರೆ ಮೆಶ್ ಮಾಡಿ, ಲಕ್ಷಗಟ್ಟಲೆ ಸಮೀಕರಣ ಒಟ್ಟಿಗೆ ಬಿಡಿಸಬೇಕು.

ಇಲ್ಲೇ ಮೊದಲ ಪಾಠ ಇರೋದು. ತಗಡಿನ ದಪ್ಪ 10 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಹೊಸಬರು ಇದನ್ನ ಘನ ಎಲಿಮೆಂಟುಗಳಲ್ಲಿ ಮೆಶ್ ಮಾಡ್ತಾರೆ. ದಪ್ಪದಲ್ಲಿ ಮೂರು ಪದರ ಬರಲಿ, ಎಲ್ಲ ತುಂಡೂ ಸಮಚೌಕವಾಗಿರಲಿ ಅಂತ ಹೊರಟರೆ ಬರೀ ಆ ತಗಡಿಗೇ ಸುಮಾರು 3 ಕೋಟಿ ಎಲಿಮೆಂಟ್ ಆಗುತ್ತೆ. ಅದನ್ನ ಯಾವ ಲ್ಯಾಪ್‌ಟಾಪೂ ಎಳೆಯಲ್ಲ. ಅನುಭವ ಇರೋರು ಅದೇ ತಗಡಿಗೆ ಶೆಲ್ ಎಲಿಮೆಂಟ್ ಹಾಕ್ತಾರೆ. ದಪ್ಪ ಅಲ್ಲಿ ಬರೀ ಒಂದು ಸಂಖ್ಯೆಯಾಗಿ ಹೋಗುತ್ತೆ. 50 ಮಿಲಿಮೀಟರಿನ ಚೌಕಗಳಾದರೆ ಸುಮಾರು 44 ಸಾವಿರ ಎಲಿಮೆಂಟ್. ಇದು 16 ಜಿಬಿ ರ‍್ಯಾಮ್ ಇರೋ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. ಸಂಶಯ ಬಂದ ಬೆಸುಗೆಯ ಜಾಗವನ್ನ ಮಾತ್ರ ಬೇರೆ ತೆಗೆದು ಸೂಕ್ಷ್ಮವಾಗಿ ನೋಡಬಹುದು. ಮೂರು ಕೋಟಿಗೂ ನಲವತ್ತನಾಲ್ಕು ಸಾವಿರಕ್ಕೂ ಇರೋ ಅಂತರವನ್ನ ಯಾವ ಪ್ರೊಸೆಸರೂ ತುಂಬಿಕೊಡಲ್ಲ. ತುಂಬಿಕೊಡೋದು ಓದು.

ಈಗ ಯಂತ್ರಕ್ಕೆ ಬರೋಣ. ಪೆಟ್ಟಿಗೆ ಮೇಲೆ ದೊಡ್ಡಕ್ಷರದಲ್ಲಿ ಬರೆದಿರೋದು ಗಿಗಾಹರ್ಟ್ಸ್. ಇಂಟೆಲ್‌ನ ಐ9-14900ಎಚ್‌ಎಕ್ಸ್ ನೋಡಿ, 24 ಕೋರು, 5.8 ಗಿಗಾಹರ್ಟ್ಸ್. ಅದೇ ಇಂಟೆಲ್ ಕೊಟ್ಟಿರೋ ವಿವರದಲ್ಲಿ ಕೆಳಗೆ ಬನ್ನಿ: ದೊಡ್ಡ ಕೋರುಗಳ ಮೂಲ ವೇಗ 2.2 ಗಿಗಾಹರ್ಟ್ಸ್. ಹೆಚ್ಚೆಂದರೆ 157 ವ್ಯಾಟ್ ಎಳೆಯುತ್ತೆ, ಮೂಲ ಲೆಕ್ಕ 55 ವ್ಯಾಟ್. ಅಂದರೆ 5.8 ಅನ್ನೋದು ಒಂದೆರಡು ಕೋರು ಸ್ವಲ್ಪ ಹೊತ್ತು ಓಡೋ ಓಟ. ಎಲ್ಲ ಕೋರುಗಳಿಗೂ ಗಂಟೆಗಟ್ಟಲೆ ಕೆಲಸ ಕೊಟ್ಟಾಗ ಎಷ್ಟು ಸಿಗುತ್ತೆ ಅನ್ನೋದು ಪ್ರೊಸೆಸರಿನ ಕೈಯಲ್ಲಿಲ್ಲ. ಅದು ಫ್ಯಾನು, ತಾಮ್ರದ ಕೊಳವೆ ಮತ್ತು ಪೆಟ್ಟಿಗೆಯ ದಪ್ಪದ ಕೈಯಲ್ಲಿದೆ. ಒಂದೇ ಪ್ರೊಸೆಸರ್ ದಪ್ಪ ಲ್ಯಾಪ್‌ಟಾಪಿನಲ್ಲಿ ಒಂದು ಥರ, ತೆಳ್ಳಗಿರೋದರಲ್ಲಿ ಇನ್ನೊಂದು ಥರ. ಯೂಟ್ಯೂಬಿನ ರಿವ್ಯೂಗಳಲ್ಲಿ ಬಹುಪಾಲು ಹತ್ತು ನಿಮಿಷದ ಪರೀಕ್ಷೆ, ಆಮೇಲೆ ನಾಲ್ಕು ಗೇಮು. ಎತ್ತನ್ನ ಸಂತೆಯಲ್ಲಿ ಹಲ್ಲು ನೋಡಿ, ನಡೆಸಿ, ನೊಗ ಇಟ್ಟು ನೋಡೋ ನಮ್ಮ ಜನ ಇದನ್ನ ಮಾತ್ರ ಓಟ ನೋಡಿ ಕೊಳ್ತಾರೆ.

ಎರಡನೇದು ರ‍್ಯಾಮ್. ಸಿಮ್ಯುಲೇಶನ್‌ನಲ್ಲಿ ನಿಜವಾದ ಬಂಡವಾಳ ಇದು. ಮೂರು ಆಯಾಮದ ಘನ ವಸ್ತುವಿನ ಮೆಶ್ಶನ್ನ ಎಲ್ಲ ದಿಕ್ಕಿಗೂ ಎರಡು ಪಟ್ಟು ಸೂಕ್ಷ್ಮ ಮಾಡಿದರೆ ಎಲಿಮೆಂಟ್ 8 ಪಟ್ಟು ಆಗುತ್ತೆ. ಡೈರೆಕ್ಟ್ ಸಾಲ್ವರಿಗೆ ಬೇಕಾಗೋ ರ‍್ಯಾಮ್ ಸುಮಾರು 16 ಪಟ್ಟು, ಸಮಯ ಸುಮಾರು 64 ಪಟ್ಟು. ನಿನ್ನೆ 4 ಜಿಬಿಯಲ್ಲಿ ಹತ್ತು ನಿಮಿಷಕ್ಕೆ ಮುಗಿದ ಲೆಕ್ಕ ಇವತ್ತು 64 ಜಿಬಿ ಕೇಳುತ್ತೆ, ಹತ್ತೂವರೆ ಗಂಟೆ ತಿನ್ನುತ್ತೆ. ರ‍್ಯಾಮ್ ಸಾಲದಿದ್ದರೆ ಸಾಲ್ವರ್ ಲೆಕ್ಕವನ್ನ ಡಿಸ್ಕಿಗೆ ಬರೆದು, ಓದಿ, ಮತ್ತೆ ಬರೆದು ಮುಂದುವರಿಯುತ್ತೆ. ಕಣ ಚಿಕ್ಕದಾಯ್ತು ಅಂತ ತೆನೆಯನ್ನ ಹಗೇವಿನಲ್ಲಿಟ್ಟು, ಒಂದೊಂದೇ ಪುಟ್ಟಿ ಮೇಲೆತ್ತಿ ಬಡಿದ ಹಾಗೆ. ರಾಶಿ ಮುಗಿಯುತ್ತೆ, ಆದರೆ ಯಾವಾಗ ಅಂತ ಕೇಳಬಾರದು. ನೀರು, ಗಾಳಿಯ ಹರಿವಿನ ಲೆಕ್ಕಕ್ಕೆ ಹತ್ತು ಲಕ್ಷ ಸೆಲ್ಲಿಗೆ ಒಂದೆರಡು ಜಿಬಿ ಅನ್ನೋದು ಬಳಕೆಯಲ್ಲಿರೋ ಅಂದಾಜು.

ರ‍್ಯಾಮ್ ಎಷ್ಟಿದೆ ಅನ್ನೋದರ ಜೊತೆ ಅದರಿಂದ ಡೇಟಾ ಎಷ್ಟು ಬೇಗ ಬರುತ್ತೆ ಅನ್ನೋದೂ ಮುಖ್ಯ. ಡಿಡಿಆರ್5-5600 ರ‍್ಯಾಮ್ ಎರಡು ಚಾನೆಲ್ಲಿನಲ್ಲಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 89.6 ಜಿಬಿ. ಎಎಮ್‌ಡಿಯ ಎಪಿಕ್ 9004 ಸರ್ವರ್ ಪ್ರೊಸೆಸರುಗಳಿಗೆ 12 ಚಾನೆಲ್, ಸೆಕೆಂಡಿಗೆ 460.8 ಜಿಬಿ. ಲ್ಯಾಪ್‌ಟಾಪಿನ 24 ಕೋರುಗಳು ಅಂದರೆ ಒಂದೇ ಸಣ್ಣ ತೂಬಿನ ಕೆಳಗಿನ 24 ಹೊಲ. ಹರಿವಿನ ಲೆಕ್ಕಗಳಲ್ಲಿ ಆರೆಂಟು ಕೋರು ದಾಟಿದ ಮೇಲೆ ವೇಗ ಅಷ್ಟಾಗಿ ಏರದೆ ಇರೋದು ಇದಕ್ಕೇ. ಇಷ್ಟಾದರೂ ಅಂಗಡಿಯವರು ಒಂದೇ ಪಟ್ಟಿ ರ‍್ಯಾಮ್ ಹಾಕಿ ಮಾರೋದುಂಟು. ಆಗ ಇರೋ ತೂಬೂ ಅರ್ಧ ಮುಚ್ಚಿದ ಹಾಗೆ. 32 ಜಿಬಿ ಬೇಕಿದ್ದರೆ 16ರ ಎರಡು ಪಟ್ಟಿ ಕೇಳಿ. ರ‍್ಯಾಮನ್ನ ಬೋರ್ಡಿಗೇ ಬೆಸೆದಿರೋ ಲ್ಯಾಪ್‌ಟಾಪ್ ಸಿಮ್ಯುಲೇಶನ್ನಿಗೆ ಬೇಡ, ನಾಳೆ ಹೆಚ್ಚಿಸೋಕೆ ಆಗಲ್ಲ.

ಮೂರನೇದು ಗ್ರಾಫಿಕ್ಸ್ ಕಾರ್ಡ್. ಹೆಸರಿನ ಆಟ ಹೆಚ್ಚಿರೋದು ಇಲ್ಲಿ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ಗೆ 16,384 ಕೋರು, 24 ಜಿಬಿ ಮೆಮೊರಿ, 450 ವ್ಯಾಟ್. ಲ್ಯಾಪ್‌ಟಾಪಿನಲ್ಲಿ ಅದೇ 4090 ಅನ್ನೋ ಹೆಸರಿಗೆ 9,728 ಕೋರು, 16 ಜಿಬಿ, 150 ವ್ಯಾಟಿನ ಆಸುಪಾಸು. ಚಿಪ್ಪೇ ಬೇರೆ. ಇಷ್ಟು ಸಾಲದು ಅಂತ, ಸಿಮ್ಯುಲೇಶನ್ನಿಗೆ ಬಹಳ ಸಲ ಬೇಕಾಗೋ ಡಬಲ್ ಪ್ರಿಸಿಶನ್ ಲೆಕ್ಕದಲ್ಲಿ ಈ ಕಾರ್ಡುಗಳ ವೇಗ, ಅವರು ಜಾಹೀರಾತಿನಲ್ಲಿ ಹೇಳೋ ವೇಗದ 64ರಲ್ಲಿ ಒಂದು ಪಾಲು. ಹಾಗಂತ ಕಾರ್ಡು ಪೂರ್ತಿ ದಂಡ ಅಂತಲ್ಲ. ದೊಡ್ಡ ಮಾಡೆಲ್ ತಿರುಗಿಸಿ ನೋಡೋಕೆ ಒಂದು ಸಾಧಾರಣ ಕಾರ್ಡು ಬೇಕು. ಸಿಂಗಲ್ ಪ್ರಿಸಿಶನ್ನಿನಲ್ಲಿ ಕಾರ್ಡಿನ ಮೇಲೇ ಓಡೋ ಹೊಸ ಹರಿವಿನ ಸಾಲ್ವರುಗಳೂ ಬಂದಿವೆ. ನಿಮ್ಮ ಸಾಫ್ಟ್‌ವೇರ್ ಆ ಜಾತಿಯದಾದರೆ ಮಾತ್ರ ದುಡ್ಡು ಅಲ್ಲಿ ಹಾಕಿ.

ಹಾಗಾದರೆ 'ವರ್ಕ್‌ಸ್ಟೇಷನ್' ಅನ್ನೋ ಹಣೆಪಟ್ಟಿಗೆ ಏನೂ ಅರ್ಥ ಇಲ್ವಾ? ಇದೆ. ಡೆಲ್‌ನ ಪ್ರಿಸಿಶನ್ (2025ರಲ್ಲಿ ಹೆಸರು ಪ್ರೊ ಮ್ಯಾಕ್ಸ್ ಅಂತ ಬದಲಾಯ್ತು), ಎಚ್‌ಪಿಯ ಝಡ್‌ಬುಕ್ ಫ್ಯೂರಿ, ಲೆನೊವೊದ ಥಿಂಕ್‌ಪ್ಯಾಡ್ ಪಿ16, ಇವುಗಳಲ್ಲಿ 128 ಜಿಬಿ ಅಥವಾ ಅದಕ್ಕೂ ಹೆಚ್ಚು ರ‍್ಯಾಮ್ ಹಾಕಬಹುದು. ಸಾಫ್ಟ್‌ವೇರ್ ಕಂಪನಿಗಳು ಪರೀಕ್ಷಿಸಿ ಒಪ್ಪಿದ ಗ್ರಾಫಿಕ್ಸ್ ಡ್ರೈವರ್ ಇರುತ್ತೆ. ತೊಂದರೆ ಬಂದರೆ ರಿಪೇರಿಯವರು ನೀವಿದ್ದಲ್ಲಿಗೇ ಬರೋ ವಾರಂಟಿ ತಗೋಬಹುದು. ಇದೇ ಕೆಲಸದಿಂದ ಸಂಬಳ ಬರೋರಿಗೆ, ಒಂದು ದಿನ ನಿಂತರೆ ಗಿರಾಕಿ ಕೈಬಿಡೋರಿಗೆ, ಇದು ದುಡ್ಡಿಗೆ ತಕ್ಕ ಮಾಲು. ವಿದ್ಯಾರ್ಥಿಗೆ ಇದರ ಅರ್ಧಕ್ಕರ್ಧ ಬೆಲೆ ಉಪಯೋಗಕ್ಕೆ ಬರಲ್ಲ. ಗೇಮಿಂಗ್ ಲ್ಯಾಪ್‌ಟಾಪಿನಲ್ಲೂ ಅದೇ ಪ್ರೊಸೆಸರ್ ಇರುತ್ತೆ, ಫ್ಯಾನು ಕೆಲವು ಸಲ ಅದರಲ್ಲೇ ಚೆನ್ನಾಗಿರುತ್ತೆ.

ಇನ್ನೊಂದು ಸಂಗತಿಯನ್ನ ಅಂಗಡಿಯವನು ಹೇಳೋದೇ ಇಲ್ಲ: ಲೈಸೆನ್ಸ್. ಆನ್ಸಿಸ್‌ನ ಉಚಿತ ವಿದ್ಯಾರ್ಥಿ ಆವೃತ್ತಿಗೆ ಮಿತಿ ಇದೆ. ರಚನೆಯ ಲೆಕ್ಕಕ್ಕೆ 1,28,000 ನೋಡ್, ಹರಿವಿಗೆ 10 ಲಕ್ಷ ಸೆಲ್. ಇಷ್ಟಕ್ಕೆ 16 ಜಿಬಿ ಸಾಕಾಗುತ್ತೆ, 32 ಇದ್ದರೆ ಧಾರಾಳ. ದುಡ್ಡು ಕೊಟ್ಟು ತಗೊಳ್ಳೋ ಮೂಲ ಲೈಸೆನ್ಸಿನಲ್ಲೂ ಸಾಲ್ವರಿಗೆ ಸಿಗೋದು 4 ಕೋರ್, ಹೆಚ್ಚಿಗೆ ಬೇಕಾದರೆ ಬೇರೆ ದುಡ್ಡು. 24 ಕೋರಿನ ಯಂತ್ರದಲ್ಲಿ 20 ಕೋರು ಸುಮ್ಮನೆ ಕೂತಿರುತ್ತವೆ. ಕ್ಯಾಲ್ಕ್ಯುಲಿಕ್ಸ್, ಕೋಡ್ ಆಸ್ಟರ್, ಓಪನ್‌ಫೋಮ್ ಥರದ ಮುಕ್ತ ತಂತ್ರಾಂಶಕ್ಕೆ ಈ ಮಿತಿ ಇಲ್ಲ. ಕಲಿಯೋಕೆ ಸ್ವಲ್ಪ ಕಷ್ಟ, ಆದರೆ ಕಲಿತದ್ದು ಕೈಬಿಡಲ್ಲ.

ಕೆಲಸ ನೋಡಿ ಯಂತ್ರ ಹುಡುಕೋ ಪದ್ಧತಿ ನಮಗೆ ಹೊಸದಲ್ಲ. ಬೆಂಗಳೂರಿನ ಎನ್‌ಎಎಲ್‌ನವರಿಗೆ ಗಾಳಿ ಹರಿವಿನ ಸಮೀಕರಣ ಬಿಡಿಸಬೇಕಿತ್ತು. ಅದಕ್ಕೆ ಅವರು 1986ರಲ್ಲಿ ಮೈಕ್ರೊಪ್ರೊಸೆಸರುಗಳನ್ನ ಒಟ್ಟಿಗೆ ಜೋಡಿಸಿ ಸಮಾನಾಂತರ ಕಂಪ್ಯೂಟರನ್ನ ತಾವೇ ಕಟ್ಟಿದರು. ಇಟ್ಟ ಹೆಸರು ಫ್ಲೋಸಾಲ್ವರ್. ಮೊದಲು ಸಮಸ್ಯೆ, ಆಮೇಲೆ ಯಂತ್ರ, ಹೆಸರೂ ಸಮಸ್ಯೆಯದ್ದೇ. ಇವತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪಿನ ಪರಮ್ ಪ್ರವೇಗ ಇದೆ. ದೊಡ್ಡ ಲೆಕ್ಕ ಮಾಡೋ ಜಾಗ ಅಂಥದ್ದು. ನಮ್ಮಂಥವರಿಗೆ ಗಂಟೆ ಬಾಡಿಗೆಗೆ ಕ್ಲೌಡ್ ಸರ್ವರ್ ಸಿಗುತ್ತೆ. ವರ್ಷಕ್ಕೆ ನಾಲ್ಕು ಸಲ ಮಾತ್ರ ದೊಡ್ಡ ಲೆಕ್ಕ ಇದ್ದರೆ ಟ್ರ್ಯಾಕ್ಟರ್ ಬಾಡಿಗೆಗೆ ತಗೊಂಡ ಹಾಗೆ ಸರ್ವರ್ ತಗೊಳ್ಳಿ. ಅದಕ್ಕಾಗಿ ಮನೆಯಲ್ಲಿ ಟ್ರ್ಯಾಕ್ಟರ್ ಕಟ್ಟಬೇಕಿಲ್ಲ.

ಲ್ಯಾಪ್‌ಟಾಪಿನ ಪರವಾಗಿಯೂ ಎರಡು ಮಾತು ಹೇಳಬೇಕು. ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಹೆಚ್ಚು ಕೆಲಸ ಮಾಡುತ್ತೆ ಅನ್ನೋದು ನಿಜ. ಆದರೆ ಹಾಸ್ಟೆಲಿನಲ್ಲಿ, ನಾಲ್ಕು ಮಂಚದ ಪಿಜಿ ರೂಮಿನಲ್ಲಿ ಡೆಸ್ಕ್‌ಟಾಪ್ ಎಲ್ಲಿ ಇಡೋದು? ಊರಿಗೆ ಬಂದರೆ ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಯುಪಿಎಸ್. ಹಾಗಂತ ಅದರ ಮೇಲೆ ಲೆಕ್ಕ ಓಡಿಸ್ತೀನಿ ಅಂದ್ಕೋಬೇಡಿ. ವಿಮಾನದ ನಿಯಮದಿಂದಾಗಿ ಬ್ಯಾಟರಿ ಸಾಮಾನ್ಯವಾಗಿ 100 ವ್ಯಾಟ್-ಅವರ್ ದಾಟಲ್ಲ. ಯಂತ್ರ 150 ವ್ಯಾಟ್ ಎಳೆದರೆ 40 ನಿಮಿಷ. ಲೆಕ್ಕ ನಿಲ್ಲಿಸಿ ಉಳಿಸಿಕೊಳ್ಳೋಕೆ ಅಷ್ಟು ಸಾಕು. ದೊಡ್ಡ ಲೆಕ್ಕಕ್ಕೆ ನಡುನಡುವೆ ಉಳಿಸಿಕೊಂಡು ಅಲ್ಲಿಂದಲೇ ಮುಂದುವರಿಯೋ ಸೌಲಭ್ಯವನ್ನ ಸಾಲ್ವರಿನಲ್ಲಿ ತಪ್ಪದೆ ಹಾಕಿಕೊಳ್ಳಿ.

ಕೊನೆಗೆ ನನ್ನ ಶಿಫಾರಸು. ಓದೋರಿಗೆ: ದಪ್ಪ ಮೈಯ 15-16 ಇಂಚಿನ ಲ್ಯಾಪ್‌ಟಾಪ್, ಎಂಟು ಒಳ್ಳೆ ಕೋರು, 16ರ ಎರಡು ಪಟ್ಟಿ ರ‍್ಯಾಮ್, ಮುಂದೆ 64ಕ್ಕೆ ಹೆಚ್ಚಿಸೋ ಅವಕಾಶ, 1 ಟಿಬಿ ಎಸ್‌ಎಸ್‌ಡಿ. ಇದು ಮೂರು ಲಕ್ಷದ ಅರ್ಧಕ್ಕಿಂತ ಕಡಿಮೆಯಲ್ಲೇ ಆಗುತ್ತೆ. ಕೆಲಸ ಮಾಡಿ ಗಳಿಸೋರಿಗೆ: ಮೊದಲು ನಿಮ್ಮ ಅತಿ ದೊಡ್ಡ ಮಾಡೆಲ್ ಎಷ್ಟು ರ‍್ಯಾಮ್ ಕೇಳುತ್ತೆ ಅಂತ ಸಾಲ್ವರಿನ ವರದಿಯಲ್ಲಿ ನೋಡಿ, ಅದರ ಒಂದೂವರೆ ಪಟ್ಟು ಇರೋ ವರ್ಕ್‌ಸ್ಟೇಷನ್. ಇಬ್ಬರಿಗೂ: ಕೊಳ್ಳೋ ಮೊದಲು ಅಂಥದ್ದೇ ಲ್ಯಾಪ್‌ಟಾಪ್ ಇರೋರ ಹತ್ತಿರ ನಿಮ್ಮದೇ ಮಾಡೆಲನ್ನ ಎರಡು ಗಂಟೆ ಓಡಿಸಿ. ಮೊದಲ ನಿಮಿಷದ ವೇಗ ನೋಡಬೇಡಿ, ಅರವತ್ತನೇ ನಿಮಿಷದ್ದು ನೋಡಿ.

ಉಳಿದ ದುಡ್ಡನ್ನ ಅಪ್ಪನ ಹತ್ತಿರವೇ ಬಿಡಿ. ದೊಡ್ಡ ಲೆಕ್ಕ ಬಂದ ದಿನ ಸರ್ವರ್ ಬಾಡಿಗೆಗೆ ಅದರಲ್ಲಿ ಸ್ವಲ್ಪ ಕೇಳಿದರಾಯ್ತು.