ಅಂಗೈಯೊಳಗೆ ಮೂವತ್ತು ಸಾವಿರ ಸುತ್ತು

ಕೈಕಸುಬಿನ ಉಪಕರಣಗಳಲ್ಲಿ ಕೆಲವು ತಮ್ಮ ಉಗ್ರಸ್ವಭಾವವನ್ನು ಮೊದಲ ನೋಟದಲ್ಲಿಯೇ ಪ್ರಕಟಿಸಿಬಿಡುತ್ತವೆ. ಬಡಗಿಯ ಬಾಚಿಯನ್ನು ಕಂಡರೆ ಎಂತಹವನಾದರೂ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ಕಬ್ಬಿಣದ ಅಂಗಡಿಯ ಆಂಗಲ್ ಗ್ರೈಂಡರು ಒಮ್ಮೆ ಗರ್ಜಿಸಿತೆಂದರೆ ಬೀದಿಯಲ್ಲಿ ಹೋಗುವವನೂ ಒಂದು ಮಾರು ಆಚೆ ಸರಿದು ನಡೆಯುತ್ತಾನೆ. ಆದರೆ ಕೊರೆಯುವುದು, ಕೆತ್ತುವುದು, ಕತ್ತರಿಸುವುದು, ಉಜ್ಜಿ ಮೆರುಗು ಕೊಡುವುದು ಮುಂತಾದ ಹತ್ತು ಬಗೆಯ ಕೆಲಸಗಳಿಗೆ ಒದಗುವ, ತೂಕದಲ್ಲಿ ಅರ್ಧ ಕಿಲೋವಿನ ಆಸುಪಾಸಿನಲ್ಲಿರುವ, ಅಂಗೈಯ ಹಿಡಿಗೆ ಸುಲಭವಾಗಿ ಅಳವಡುವ ರೋಟರಿ ಟೂಲ್ ಎಂಬ ಪುಟ್ಟ ಯಂತ್ರಕ್ಕೆ ಅಂತಹ ಭೀಕರಾಕೃತಿ ಏನೂ ಇಲ್ಲ. ಅದನ್ನು ಕೊಂಡು ತಂದ ಗೃಹಸ್ಥನು ಊಟದ ಮೇಜಿನ ಮೇಲೆಯೇ ಅದನ್ನಿಟ್ಟು, ಪೆಟ್ಟಿಗೆಯೊಳಗಿನ ಬಿಟ್ಟುಗಳನ್ನು ಒಂದೊಂದಾಗಿ ಸಿಕ್ಕಿಸಿ ನೋಡುತ್ತ ಕುಳಿತುಬಿಡುತ್ತಾನೆ. ಅದರ ಮುಖ್ಯವಾದ ಅಪಾಯವು ಈ ಸೌಮ್ಯರೂಪದಲ್ಲಿಯೇ ಇದೆಯೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಇದರ ವಂಶಾವಳಿ ಬಹು ದೀರ್ಘವಾದುದು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ, ಈಗ್ಗೆ 7,500ರಿಂದ 9,000 ವರ್ಷಗಳ ಹಿಂದಿನ ಸಮಾಧಿಗಳೊಳಗೆ, ಕಲ್ಲಿನ ಮೊನೆಯ ಬೈರಿಗೆಯಿಂದ ಅಚ್ಚುಕಟ್ಟಾಗಿ ಕೊರೆದ ರಂಧ್ರಗಳುಳ್ಳ ದವಡೆ ಹಲ್ಲುಗಳು ದೊರೆತಿವೆ. ಆಮೇಲಿನ ಹರಪ್ಪಾದ ಮಣಿಗಾರರು ಗಡುಸಾದ ಕೆಂಪು ಕಲ್ಲಿನ ನೀಳಮಣಿಗಳನ್ನು ಆದ್ಯಂತವಾಗಿ ತೂತುಮಾಡಬಲ್ಲವರಾಗಿದ್ದರು. 1871ರಲ್ಲಿ ಅಮೆರಿಕದ ದಂತವೈದ್ಯ ಜೇಮ್ಸ್ ಮಾರಿಸನ್ ಕಾಲಿನಿಂದ ತುಳಿದು ತಿರುಗಿಸುವ ಹಲ್ಲುಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. 1875ರಲ್ಲಿ ಜಾರ್ಜ್ ಗ್ರೀನ್ ಎಂಬಾತನು ಅದೇ ಕೆಲಸಕ್ಕೆ ವಿದ್ಯುತ್ತನ್ನು ಹೂಡಿದನು. ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ರೇಸೀನ್ ಎಂಬ ಊರಿನಲ್ಲಿ ತನ್ನ ಕಾರ್ಖಾನೆಯನ್ನು ಸ್ಥಾಪಿಸಿ, ಕೆಲವು ವರ್ಷಗಳೊಳಗಾಗಿ ‘ಮೋಟೋ-ಟೂಲ್’ ಎಂಬ ಕೈಯಂತ್ರವನ್ನು ಹೊರತಂದನು. ಈಗ ಬಾಷ್ ಸಂಸ್ಥೆಯ ಅಧೀನದಲ್ಲಿರುವ ಆ ಕಾರ್ಖಾನೆಯ ಹೆಸರನ್ನೇ ಅನೇಕರು ಇಡೀ ಜಾತಿಗೆ ಇಟ್ಟು ಕರೆಯುತ್ತಾರೆ. ಈ ಇತಿಹಾಸದಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೊಂದುಂಟು. ಹಳೆಯ ಕಾಲದ ಬಿಲ್ಲುಬೈರಿಗೆಯ ಮೊನೆ ಕಲ್ಲಿನಲ್ಲಿ ಸಿಕ್ಕಿಕೊಂಡರೆ ಬಿಲ್ಲನ್ನು ಎಳೆಯುವ ತೋಳು ತಾನಾಗಿ ತಡೆದು ನಿಲ್ಲುತ್ತಿತ್ತು, ಏಕೆಂದರೆ ಬಲವೂ ವೇಗವೂ ಆ ತೋಳಿನವೇ ಆಗಿದ್ದುವು. ಇಂದಿನ ಯಂತ್ರದಲ್ಲಿ ಹಿಡಿಯುವವನೊಬ್ಬ, ತಿರುಗಿಸುವವನೊಬ್ಬ. ಮೊನೆಗೆ ಒದಗಿದ ವಿಘ್ನವು ಹಿಡಿದವನ ಅರಿವಿಗೆ ಬರುವಷ್ಟರಲ್ಲಿ ತಿರುಗಿಸುವವನು ಹತ್ತಾರು ಸುತ್ತು ಮುಂದೆ ಹೋಗಿರುತ್ತಾನೆ.

ಎಷ್ಟು ಮುಂದೆ ಎಂಬುದನ್ನು ಲೆಕ್ಕಹಾಕಿ ನೋಡುವುದು ಒಳ್ಳೆಯದು. ಒಳ್ಳೆಯ ರೋಟರಿ ಟೂಲುಗಳು ನಿಮಿಷಕ್ಕೆ 5,000ದಿಂದ 30,000 ಸುತ್ತುಗಳವರೆಗೆ, ಕೆಲವು ಅದಕ್ಕೂ ಮೇಲೆ, ತಿರುಗುತ್ತವೆ. ಮೂವತ್ತು ಸಾವಿರವೆಂದರೆ ಸೆಕೆಂಡಿಗೆ 500 ಸುತ್ತು. 32 ಮಿಲಿಮೀಟರ್ ವ್ಯಾಸದ ಕಟಿಂಗ್ ಡಿಸ್ಕೊಂದನ್ನು ಅದಕ್ಕೆ ಸಿಕ್ಕಿಸಿದಲ್ಲಿ, ಅದರ ಅಂಚಿನ ಒಂದೊಂದು ಕಣವೂ ಸೆಕೆಂಡಿಗೆ ಸುಮಾರು 50 ಮೀಟರ್, ಅಂದರೆ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿರುತ್ತದೆ. ಆ ಡಿಸ್ಕಾದರೋ ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲದ, ಸಾಣೆಯ ಹುಡಿಯನ್ನು ಅಂಟಿನಿಂದ ಬಂಧಿಸಿ ಮಾಡಿದ ಹಪ್ಪಳ. ತನ್ನ ಸಮತಲದಲ್ಲಿ ನೇರವಾಗಿ ಇಳಿಯುವವರೆಗೂ ಅದು ಉಕ್ಕಿನ ಮೊಳೆಯನ್ನು ಕತ್ತರಿಸಬಲ್ಲದು. ಕೊಯ್ದ ಗೀರಿನೊಳಗೆ ಇರುವಾಗ ಮಣಿಕಟ್ಟು ಕಿಂಚಿತ್ ಓರೆಯಾಯಿತೋ, ಅದು ಸಹಿಸದೆ ಮುರಿದು ಚೂರುಚೂರಾಗುತ್ತದೆ. ಆ ಚೂರುಗಳು ಯಾವ ದಿಕ್ಕಿಗೆ ಹೊರಡುತ್ತವೆಂಬುದು ರಹಸ್ಯವೇನಲ್ಲ: ಡಿಸ್ಕು ತಿರುಗುತ್ತಿದ್ದ ಸಮತಲದಲ್ಲಿಯೇ ಅವು ಹೊರಡುವುದು. ಆದುದರಿಂದ ಮುಖವನ್ನು ಆ ರೇಖೆಯಿಂದ ಪಕ್ಕಕ್ಕಿಟ್ಟುಕೊಳ್ಳುವುದು ಮೊದಲನೆಯ ವಿವೇಕ. ಹೊಸ ಡಿಸ್ಕನ್ನು ಹಾಕಿದಾಗ ಬಿರುಕು ಇದೆಯೋ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಯಾರೂ ಇಲ್ಲದ ಕಡೆಗೆ ತಿರುಗಿಸಿ, ಏನನ್ನೂ ಮುಟ್ಟಿಸದೆ ಒಂದು ನಿಮಿಷ ಪೂರ್ಣವೇಗದಲ್ಲಿ ಓಡಬಿಡುವುದು ಎರಡನೆಯದು. ಒಡೆಯತಕ್ಕ ಡಿಸ್ಕು ಬಹುಮಟ್ಟಿಗೆ ಆ ನಿಮಿಷದಲ್ಲಿಯೇ ಒಡೆಯುತ್ತದೆ.

ಇಷ್ಟಾದ ಮೇಲೆ ಕಣ್ಣಿನ ವಿಷಯವನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲವೆಂದು ತೋರಬಹುದು. ಆದರೂ ವಿಸ್ತರಿಸಬೇಕಾಗಿದೆ, ಏಕೆಂದರೆ ಓದುವ ಕನ್ನಡಕವನ್ನೇ ರಕ್ಷಾಕವಚವೆಂದು ಭಾವಿಸಿದ ವಿದ್ಯಾವಂತರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಕನ್ನಡಕಕ್ಕೆ ಪಕ್ಕಗಳಿಲ್ಲ. ಕಣವು ಕೆನ್ನೆಯ ಕಡೆಯಿಂದಲೋ ಹುಬ್ಬಿನ ಮೇಲಿನಿಂದಲೋ ಒಳಹೊಕ್ಕೀತು. ಪಕ್ಕಗಳನ್ನೂ ಮುಚ್ಚುವ ಸೇಫ್ಟಿ ಗಾಗಲ್ಸ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆ. ಕಾದ ಕಬ್ಬಿಣದ ರಜವೊಂದು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲದಲ್ಲಿ ನೆಟ್ಟರೆ, ಕಣ್ಣೀರಿನ ತೇವಕ್ಕೆ ಅದು ಅಲ್ಲಿಯೇ ತುಕ್ಕುಹಿಡಿದು ಸುತ್ತಲೂ ಕಂದುಬಣ್ಣದ ಒಂದು ಉಂಗುರವನ್ನು ಬಿಡುತ್ತದೆ. ಪಂಚೆಯ ಚುಂಗನ್ನು ಹುರಿಮಾಡಿ ಆ ರಜವನ್ನು ತೆಗೆಯಲು ಮುಂದಾಗುವ ಪರೋಪಕಾರಿಗಳು ಪ್ರತಿಯೊಂದು ಕಾರ್ಖಾನೆಯಲ್ಲಿಯೂ ಇರುತ್ತಾರೆ. ಅವರ ಸದುದ್ದೇಶಕ್ಕೆ ವಂದಿಸಿ, ಕಣ್ಣನ್ನು ಉಜ್ಜದೆ, ನೇತ್ರವೈದ್ಯರಲ್ಲಿಗೆ ಹೋಗತಕ್ಕದ್ದು.

ಯಂತ್ರದ ಮೂತಿಯಲ್ಲಿ ಬಿಟ್ಟನ್ನು ಕಚ್ಚಿ ಹಿಡಿಯುವ ಕಾಲೆಟ್ ಎಂಬ ಸೀಳುಗೊಳವೆ ಇದೆಯಲ್ಲವೆ, ಅನಾಹುತಗಳಲ್ಲಿ ಒಂದು ದೊಡ್ಡ ಪಾಲು ಅಲ್ಲಿ ತೋರಿದ ಅಲಕ್ಷ್ಯದಿಂದ ಹುಟ್ಟತಕ್ಕದ್ದು. ಬಿಟ್ಟಿನ ಕಡ್ಡಿ ಸಾಮಾನ್ಯವಾಗಿ 3.2 ಮಿಲಿಮೀಟರ್ ದಪ್ಪವಿರುತ್ತದೆ. ದಂತವೈದ್ಯರ, ಅಕ್ಕಸಾಲಿಗರ ಬಿಟ್ಟುಗಳಲ್ಲಿ 2.4 ಮಿಲಿಮೀಟರಿನವೂ ಉಂಟು. ಕಣ್ಣಿಗೆ ಎರಡೂ ಒಂದೇ ಎನಿಸುತ್ತವೆ. ದೊಡ್ಡ ಕಾಲೆಟ್ಟಿನಲ್ಲಿ ಸಣ್ಣ ಕಡ್ಡಿಯನ್ನು ಹಾಕಿ ಬಲವಾಗಿ ಬಿಗಿದರೆ ಅದು ನಿಂತಂತೆ ಕಾಣುತ್ತದೆಯೇ ಹೊರತು ನಿಂತಿರುವುದಿಲ್ಲ. ಕಡ್ಡಿಯನ್ನು ತಳಮುಟ್ಟುವವರೆಗೆ ಒಳಗೆ ಬಿಟ್ಟು, ಒಂದು ಮಿಲಿಮೀಟರಿನಷ್ಟು ಹಿಂದಕ್ಕೆಳೆದು, ಆಮೇಲೆ ನಟ್ಟನ್ನು ಮೊದಲು ಬೆರಳಿನಿಂದಲೂ ಅನಂತರ ಸ್ಪ್ಯಾನರಿನಿಂದಲೂ ಬಿಗಿಯುವುದು ಬಲ್ಲವರ ಪದ್ಧತಿ. ಕೆಲಸದ ಮೂಲೆ ಎಟುಕಲಿಲ್ಲವೆಂದು ಕಡ್ಡಿಯನ್ನು ಹೊರಗೆ ಚಾಚಿಕೊಂಡು ಬಿಗಿಯುವವರುಂಟು. ನಿಧಾನವೇಗದಲ್ಲಿ ಅದು ಸಾಧುವಾಗಿಯೇ ತಿರುಗುತ್ತದೆ. ವೇಗ ಏರಿದಂತೆ, ತುದಿಯಲ್ಲಿರುವ ಭಾರದ ಅತಿಸೂಕ್ಷ್ಮವಾದ ಅಸಮತೋಲವೂ ಕಡ್ಡಿಯನ್ನು ಹೊರಕ್ಕೆ ಸೆಳೆಯುತ್ತದೆ, ಸೆಳೆದಷ್ಟೂ ಬಾಗುತ್ತದೆ, ಬಾಗಿದಷ್ಟೂ ಸೆಳೆತ ಹೆಚ್ಚುತ್ತದೆ, ಮತ್ತು ಕೊನೆಗೊಂದು ಕ್ಷಣದಲ್ಲಿ ಅದು ಲಂಬಕೋನಕ್ಕೆ ಮಡಿಸಿಕೊಂಡು ಸುತ್ತಲಿರುವುದನ್ನೆಲ್ಲ ಬಡಿಯುತ್ತದೆ. ಕೈಗೆ ನಡುಕ ತಟ್ಟಿದೊಡನೆ ಯಂತ್ರವನ್ನು ನಿಲ್ಲಿಸಬೇಕು. ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ನಡುಕವನ್ನು ಅಡಗಿಸುವುದು ಪೌರುಷವೆನಿಸಿಕೊಳ್ಳದು. ಬಿಟ್ಟನ್ನು ಬದಲಿಸುವಾಗ ಪ್ಲಗ್ಗನ್ನು ಗೋಡೆಯಿಂದ ಕಿತ್ತಿರಬೇಕೆಂಬುದನ್ನೂ, ತಿರುಗುತ್ತಿರುವಾಗ ಅಚ್ಚನ್ನು ಬಿಗಿಹಿಡಿಯುವ ತಡೆಗುಂಡಿಯನ್ನು ಒತ್ತಬಾರದೆಂಬುದನ್ನೂ ಸೂಚಿಸಿ ಮುಂದುವರಿಯುತ್ತೇನೆ.

ನೂರಾರು ಬಿಟ್ಟುಗಳನ್ನು ತುಂಬಿ ಮಾರುವ ಪೆಟ್ಟಿಗೆಗಳ ಬಗ್ಗೆ ನನಗೆ ಗೌರವವಿಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ವರ್ಷಗಟ್ಟಲೆ ಮುಟ್ಟದೆ ಉಳಿಯುತ್ತವೆ, ಮುಟ್ಟಿದವುಗಳಲ್ಲಿ ಅರ್ಧ ಮೊದಲ ದಿನವೇ ಸವೆಯುತ್ತವೆ. ಅದರಲ್ಲಿಯೂ ಉಕ್ಕಿನ ತಂತಿಯ ಬ್ರಷ್ ಎಂಬ ಕುಚ್ಚಿನ ಮೇಲೆ ನನ್ನ ಅಪನಂಬಿಕೆ ಹೆಚ್ಚು. ಅದನ್ನು ನಿಮಿಷಕ್ಕೆ 15,000 ಸುತ್ತಿಗೆ ಮೀರಿ ಓಡಿಸಬಾರದೆಂದು ತಯಾರಕರೇ ಸಾರುತ್ತಾರೆ. ಓಡಿಸಿದವನ ಅಂಗಿಯಲ್ಲಿ, ಕೆಲವೊಮ್ಮೆ ಅಂಗಿಯ ಕೆಳಗೂ, ಕೂದಲೆಳೆಯಂತಹ ಉಕ್ಕಿನ ಸೂಜಿಗಳು ನಾಟಿಕೊಂಡಿರುವುದನ್ನು ಸಂಜೆ ಕಾಣಬಹುದು. ಕೊಳ್ಳುವವರು ಗಟ್ಟಿಯಾದ ನಾಲ್ಕಾರು ಬಿಟ್ಟುಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದು ಲೇಸು. ವೇಗವನ್ನು ಏರಿಳಿಸುವ ತಿರುಪು ಇಲ್ಲದ ಯಂತ್ರವನ್ನಂತೂ ಉಚಿತವಾಗಿ ಕೊಟ್ಟರೂ ಸ್ವೀಕರಿಸಬಾರದು.

ಇನ್ನು ಕೆಲಸದ ವಿಚಾರ. ನಮ್ಮಲ್ಲಿ ಈ ಯಂತ್ರವನ್ನು ಕೈಗೆತ್ತಿಕೊಂಡ ಹವ್ಯಾಸಿಗೆ ಎಲ್ಲಕ್ಕಿಂತ ಸುಲಭವಾಗಿ ಒದಗುವ ಸಾಮಗ್ರಿ ತೆಂಗಿನ ಕರಟ. ಅಡುಗೆಮನೆಯಿಂದ ದಿನವೂ ಬೀಳುವ ಅದರಲ್ಲಿ ದೀಪದ ಮರೆ, ಬಟ್ಟಲು, ಗುಂಡಿ, ಓಲೆಗಳನ್ನು ಮಾಡಬಹುದು. ಕರಟದ ಮೈ ಗಡುಸು, ಮೇಲಾಗಿ ಗುಂಡಗೆ. ಎಡಗೈಯಲ್ಲಿ ಕರಟ, ಬಲಗೈಯಲ್ಲಿ ಯಂತ್ರ, ಇದು ಸರ್ವರೂ ಹಿಡಿಯುವ ಭಂಗಿ, ಮತ್ತು ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಗಾಯದ ಗುರುತುಳ್ಳವರು ಇಷ್ಟು ಮಂದಿ ಇರುವುದಕ್ಕೆ ಇದೇ ಕಾರಣ. ಉಬ್ಬಿದ ಮೈಯ ಮೇಲೆ ಬಿಟ್ಟು ನಿಲ್ಲದೆ ಜಾರುತ್ತದೆ. ಜಾರಿದಾಗ ಹೋಗತಕ್ಕ ದಾರಿಯಲ್ಲಿ ಎಡಗೈ ಕಾದು ಕುಳಿತಿರುತ್ತದೆ. ಹಳೆಯ ಬಟ್ಟೆಯ ಸಿಂಬಿಯೊಂದನ್ನು ಇಕ್ಕಿ ಕರಟವನ್ನು ವೈಸಿನಲ್ಲಿ ಕಚ್ಚಿಸಬೇಕು, ಎರಡೂ ಕೈ ಯಂತ್ರಕ್ಕೇ ಮೀಸಲಾಗಬೇಕು. ಗೆರೆಯನ್ನು ಮೊದಲು ಪೆನ್ಸಿಲಿನಿಂದ ಎಳೆದು, ಅದರ ಮೇಲೆ ಮೊನಚಾದ ಬಿಟ್ಟಿನಿಂದ ಅಲ್ಲಲ್ಲಿ ಚುಕ್ಕೆಯಷ್ಟು ಆಳದ ಕುಳಿಗಳನ್ನು ಇಟ್ಟುಕೊಂಡರೆ, ಕೆತ್ತುವ ಬಿಟ್ಟಿಗೆ ಕಾಲೂರಲು ನೆಲೆ ದೊರೆಯುತ್ತದೆ.

ದಿಕ್ಕಿನ ಸೂಕ್ಷ್ಮವನ್ನೂ ಇಲ್ಲಿಯೇ ಹೇಳಬೇಕು. ಹಿಂಬದಿಯಿಂದ ನೋಡುವವನಿಗೆ ಬಿಟ್ಟು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಅಂಚಿಗೆ ತಾಗಿಸಿದೊಡನೆ ಅದು ತನ್ನಷ್ಟಕ್ಕೆ ಒಂದು ಕಡೆಗೆ ಉರುಳಿಹೋಗಲು ಹವಣಿಸುತ್ತದೆ. ಕೈಯು ಅದಕ್ಕೆ ಎದುರುದಿಕ್ಕಿನಲ್ಲಿ ಸಾಗಬೇಕು. ಕೆಲಸದ ಅಂಚು ಬಿಟ್ಟಿನಾಚೆ, ಕೆತ್ತುವವನ ಎದುರಿಗಿದ್ದಲ್ಲಿ, ಎಡದಿಂದ ಬಲಕ್ಕೆ ಹೋಗುವುದು ಸರಿಯಾದ ನಡೆ. ಹಾಗೆ ಸಾಗುವಾಗ ಬೆರಳಿಗೆ ಒಂದು ಹಿತವಾದ ಪ್ರತಿರೋಧ ತೋರುತ್ತದೆ, ಆ ಪ್ರತಿರೋಧವೇ ಹತೋಟಿ. ತದ್ವಿರುದ್ಧವಾಗಿ ಸಾಗಿದರೆ ಪ್ರತಿರೋಧವೇ ಇರುವುದಿಲ್ಲ. ಆಹಾ, ಎಷ್ಟು ನಯವಾಗಿ ಹೋಗುತ್ತಿದೆ ಎಂದುಕೊಳ್ಳುತ್ತಿರುವಾಗಲೇ ಯಂತ್ರವು ಕೈಯನ್ನು ಎಳೆದುಕೊಂಡು ಓಡಿರುತ್ತದೆ.

ಒತ್ತುವ ವಿಚಾರವೂ ಇದರೊಡನೆ ಬೆಸೆದುಕೊಂಡಿದೆ. ಉಳಿಯಿಂದಲೋ ಅರದಿಂದಲೋ ಪಳಗಿದವರು ಈ ಯಂತ್ರದ ಮೇಲೆಯೂ ತೋಳಿನ ಭಾರವನ್ನು ಹಾಕುತ್ತಾರೆ. ಇಲ್ಲಿ ತೋಳ್ಬಲಕ್ಕೆ ಬೆಲೆಯಿಲ್ಲ, ಕೊರೆಯುವುದೆಲ್ಲ ವೇಗ. ಒತ್ತಿದರೆ ಮೋಟಾರಿನ ಸ್ವರ ಕುಗ್ಗುತ್ತದೆ, ಸ್ವರ ಕುಗ್ಗಿತೆಂದರೆ ವೇಗ ತಗ್ಗಿತೆಂದೇ ಅರ್ಥ, ತಗ್ಗಿದ ವೇಗದಲ್ಲಿ ಬಿಟ್ಟು ಕತ್ತರಿಸದೆ ಬರಿದೇ ತಿಕ್ಕಿ ಕರಟವನ್ನು ಸುಡುತ್ತದೆ, ಸುಟ್ಟ ಕಡೆ ಕಪ್ಪು ಕಲೆ ನಿಲ್ಲುತ್ತದೆ. ಸ್ವರವನ್ನು ಕೇಳುತ್ತ, ಅದು ಇಳಿಯದಂತೆ, ಮೇಲುಮೇಲೆ ಸವರಿಕೊಂಡು ಹೋದವನ ಗೆರೆ ಸ್ವಚ್ಛವಾಗಿಯೂ ಇರುತ್ತದೆ, ಅವನ ಬಿಟ್ಟು ಜಾರುವುದೂ ಅಪರೂಪ. ಅಪಾಯವನ್ನು ನಿವಾರಿಸುವ ಕೈಯೂ ಕೆಲಸಕ್ಕೆ ಚೆಲುವನ್ನು ತರುವ ಕೈಯೂ ಬೇರೆಬೇರೆಯಲ್ಲವೆಂಬುದೇ ಈ ಉಪಕರಣದಲ್ಲಿ ನನ್ನನ್ನು ಇಷ್ಟು ಕಾಲ ಹಿಡಿದಿಟ್ಟಿರುವ ಗುಣ. ಎಚ್ಚರಿಕೆಯೆಂಬುದು ಕಲೆಗೆ ಹೊರಗಿನ ಕಟ್ಟಳೆಯೆಂದು ಬಗೆಯುವವರು ಅಕ್ಕಸಾಲಿಗನೊಬ್ಬನು ಮೇಲೆ ತೂಗುಹಾಕಿದ ಮೋಟಾರಿನಿಂದ ಇಳಿದ ಸುರುಳಿಗೊಳವೆಯ (ಫ್ಲೆಕ್ಸಿಬಲ್ ಶಾಫ್ಟಿನ) ಹಿಡಿಯನ್ನು ಲೇಖನಿಯ ಹಿಡಿತದಲ್ಲಿ ಹಿಡಿದು, ಕಿರುಬೆರಳನ್ನು ಮೇಜಿನಿಂದ ಚಾಚಿದ ಮರದ ಆಧಾರಕ್ಕೆ ಆನಿಸಿ, ಪಾದದ ಒತ್ತಿನಿಂದಲೇ ವೇಗವನ್ನು ಏರಿಸಿ ಇಳಿಸಿ ಹರಳಿಗೆ ಪೀಠ ಕೊರೆಯುವುದನ್ನು ಒಮ್ಮೆ ನಿಂತು ನೋಡಬೇಕು. ಆ ಆನಿಸಿದ ಬೆರಳೇ ಅವನ ಕಾವಲು. ಅವನ ನಯವೂ ಅದೇ.

ವೇಷಭೂಷಣಗಳ ಸಂಬಂಧದಲ್ಲಿ ವಿದೇಶೀ ಕೈಪಿಡಿಗಳು ಸಡಿಲ ಅಂಗಿ, ಕಂಠಬಂಧಗಳನ್ನು ಹೆಸರಿಸುತ್ತವೆ. ನಮ್ಮ ಪಟ್ಟಿ ಬೇರೆ: ಇಳಿಬಿಟ್ಟ ಸೆರಗು, ಭುಜದ ಮೇಲಿನ ವಲ್ಲಿ, ಬಗ್ಗಿದೊಡನೆ ಮುಂದಕ್ಕೆ ತೂಗುವ ಸರ, ಬನಿಯನ್ನಿನಿಂದ ಹೊರಬಂದ ಜನಿವಾರ, ಕಟ್ಟದ ಜಡೆ. ಇವುಗಳಲ್ಲಿ ಯಾವುದು ಸಿಕ್ಕಿಕೊಂಡರೂ ಯಂತ್ರವೇ ಮೇಲೇರಿ ಎದೆಗೋ ಗದ್ದಕ್ಕೋ ಬರುತ್ತದೆ. ಬಟ್ಟೆಯ ಕೈಗವುಸೂ ರಕ್ಷಣೆಯೆಂಬ ಭ್ರಮೆಯಷ್ಟೆ. ಅದರ ನೂಲೊಂದು ಬಿಟ್ಟಿಗೆ ಸುತ್ತಿಕೊಂಡರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ.

ದೂಳಿನ ಹಾನಿ ಮಾತ್ರ ಆ ದಿನವೇ ಕಾಣಿಸಿಕೊಳ್ಳದು. ಜನ ಅದನ್ನು ಎಲ್ಲಕ್ಕಿಂತ ಹಗುರವಾಗಿ ಎಣಿಸುವುದು ಅದಕ್ಕೇ. ಉಳಿ ಚಕ್ಕೆಯನ್ನು ಎಬ್ಬಿಸುತ್ತದೆ, ಚಕ್ಕೆ ನೆಲಕ್ಕೆ ಬೀಳುತ್ತದೆ. ಈ ಯಂತ್ರವು ಅದೇ ಮರವನ್ನು ಗಾಳಿಯಲ್ಲಿ ತೇಲುವಷ್ಟು ನುಣ್ಣನೆಯ ಹುಡಿಮಾಡುತ್ತದೆ. ಮೈಸೂರಿನ ಜಡಾವು ಕೆಲಸಕ್ಕೆ ಹೆಸರಾದ ಬೀಟೆಯ ದೂಳು ಕೆಲವರ ಚರ್ಮದಲ್ಲಿ ತುರಿಕೆಯನ್ನೂ ಉಸಿರಿನಲ್ಲಿ ಉಬ್ಬಸವನ್ನೂ ಉಂಟುಮಾಡಬಲ್ಲದು, ಮತ್ತು ಒಮ್ಮೆ ಒಗ್ಗದಿದ್ದವರಿಗೆ ಆಮೇಲೆ ಸ್ವಲ್ಪ ಸೋಕಿದರೂ ಸಾಕಾಗುತ್ತದೆ. ಗಾರೆ, ಹೆಂಚು, ಗ್ರಾನೈಟುಗಳ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಸೇರಿ ಕಲೆಗಟ್ಟಿತೆಂದರೆ ಅದನ್ನು ಹೊರಹಾಕುವ ಮದ್ದಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಇಷ್ಟು ಸೂಕ್ಷ್ಮವಾದ ರಜವನ್ನು ತಡೆಯಲಾರದು. ಎನ್‌95 ದರ್ಜೆಯ ಮಾಸ್ಕ್ ಮುಖಕ್ಕೆ ಸಂದಿಲ್ಲದಂತೆ ಕುಳಿತಿರಬೇಕು. ಕಪ್ಪೆಚಿಪ್ಪು, ಶಂಖ, ಕಲ್ಲುಗಳನ್ನು ಕೊರೆಯುವಾಗ ತೇವವಾಗಿಟ್ಟುಕೊಂಡರೆ ದೂಳು ಕೆಸರಾಗಿ ಕೆಳಗುಳಿಯುತ್ತದೆ, ಬಿಟ್ಟೂ ಕಾಯುವುದಿಲ್ಲ. ಆದರೆ 230 ವೋಲ್ಟಿನ ಯಂತ್ರವನ್ನು ನೀರಿನ ಬಟ್ಟಲಿನ ಮೇಲೆ ಹಿಡಿಯುವ ಸಾಹಸ ಸಲ್ಲದು. ಅಂತಹ ಕೆಲಸಕ್ಕೆ ಸುರುಳಿಗೊಳವೆಯನ್ನು ಜೋಡಿಸಿ, ಮೋಟಾರನ್ನು ಮೇಜಿನಿಂದ ದೂರ, ಎತ್ತರದಲ್ಲಿ ತೂಗುಹಾಕಿ, ನೀರನ್ನು ಬಣ್ಣದ ಕುಂಚದಿಂದ ಹನಿಹನಿಯಾಗಿ ಇಕ್ಕಬೇಕು. ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದವರು ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಅದನ್ನು ಹಾಕಿಸಿಕೊಂಡು, ಆಮೇಲೆ ಚಿಪ್ಪಿನ ಕೆಲಸಕ್ಕೆ ಕೈಹಾಕಬಹುದು.