‘ವಾನ್’ ಪದದ ಅರ್ಥಪಲ್ಲಟ

ಇಂದಿನ ಇಂಗ್ಲಿಷಿನಲ್ಲಿ ‘ವಾನ್’ ಎಂದರೆ ಬಿಳಿಚಿಕೊಂಡ, ನಿಸ್ತೇಜ. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದಲ್ಲಾದರೋ ಹೆಣಗಳಿಗಾಗಿ ಹಾತೊರೆಯುವ ಕಾಡುಕಾಗೆಗೆ ಇದೇ ವಿಶೇಷಣ; ಅಲ್ಲಿ ಅರ್ಥ ಕಪ್ಪು, ಮಬ್ಬು. ಆಧುನಿಕ ನಿಘಂಟನ್ನೇ ನೆಚ್ಚಿದ ಅನುವಾದಕನ ಕೈಯಲ್ಲಿ ಕಾಗೆಯೂ ಬಿಳಿಚೀತು!

ಈ ಪಲ್ಲಟವನ್ನು ಕೇವಲ ವಿಪರ್ಯಾಸವೆಂದು ಕೈಬಿಡುವುದು ಸರಿಯಲ್ಲ. ಬರ್ಲಿನ್ ಮತ್ತು ಕೇ 1969ರಲ್ಲಿ ಮಂಡಿಸಿದ ಮೂಲವರ್ಣಪದಗಳ ಚೌಕಟ್ಟಿನಲ್ಲಿ ವರ್ಣಛಾಯೆಯೇ ಪ್ರಧಾನ. ಹಳೆಯ ಇಂಗ್ಲಿಷ್ ವರ್ಣಪದಗಳಲ್ಲಿ ಕಾಂತಿಯ ಇರುವಿಕೆ, ಇಲ್ಲದಿರುವಿಕೆಗಳಿಗೇ ಹೆಚ್ಚು ಬೆಲೆ. ಕಾಂತಿಗೆಟ್ಟದ್ದು ರಾತ್ರಿಯೂ ಹೌದು, ರೋಗಿಯ ಮುಖವೂ ಹೌದು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಮುಖವರ್ಣನೆಯ ಬಳಕೆ ಬಲಗೊಂಡಂತೆ ಕಪ್ಪು ಹಿಂದೆ ಸರಿದು ಬಿಳಿಚುವಿಕೆ ಮುಂದೆ ಬಂದಿರಬೇಕು. ನಮ್ಮ ‘ಕಂದು’ ಕೂಡ ಬಣ್ಣದ ಹೆಸರು, ಜೊತೆಗೆ ಮುಖ ಕಳೆಗುಂದುವ ಕ್ರಿಯೆ.